ಕಾರು ಕಟ್ಟುವವರ ಮುಯ್ಯಾಳು

1997ರ ಫೆಬ್ರವರಿ 1, ಶನಿವಾರ. ಜಪಾನಿನ ಐಚಿ ಪ್ರಾಂತದ ಕರಿಯಾ ನಗರದಲ್ಲಿ, ಬೆಳಗಿನ ಜಾವ 4 ಗಂಟೆ 18 ನಿಮಿಷಕ್ಕೆ, ಐಸಿನ್ ಸೇಕಿ ಎಂಬ ಕಂಪನಿಯ ಒಂದನೇ ನಂಬರಿನ ಕಾರ್ಖಾನೆಗೆ ಬೆಂಕಿ ಬಿತ್ತು. ಬೆಳಕು ಹರಿದು ಬೆಂಕಿ ಆರುವ ಹೊತ್ತಿಗೆ ಬ್ರೇಕ್ ಭಾಗಗಳನ್ನು ಮಾಡುತ್ತಿದ್ದ ಯಂತ್ರಗಳ ಸಾಲುಗಳು ಸುಟ್ಟುಹೋಗಿದ್ದವು. ಅಲ್ಲಿ ತಯಾರಾಗುತ್ತಿದ್ದ ಒಂದು ಬಿಡಿಭಾಗದ ಹೆಸರು ಪಿ-ವಾಲ್ವ್. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಲೋಹದ ತುಂಡು. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ಹದದಲ್ಲಿಟ್ಟು, ಗಾಡಿ ಜಾರದಂತೆ ನೋಡಿಕೊಳ್ಳುವುದು ಅದರ ಕೆಲಸ. ಬೆಲೆ ಹೆಚ್ಚೇನಿಲ್ಲ, ಸಾವಿರ ಯೆನ್ನಿನ ಆಸುಪಾಸು. ಆದರೆ ಅದರೊಳಗಿನ ರಂಧ್ರಗಳನ್ನು ಕೊರೆಯುವುದು ಸೂಕ್ಷ್ಮದ ಕೆಲಸ. ಅದಿಲ್ಲದೆ ಒಂದು ಕಾರೂ ಕಾರ್ಖಾನೆಯ ಗೇಟು ದಾಟುವಂತಿಲ್ಲ.

ಟೊಯೋಟಾ ಕಂಪನಿ ತನ್ನ ಪಿ-ವಾಲ್ವ್‌ಗಳಲ್ಲಿ ನೂರಕ್ಕೆ 99ರಷ್ಟನ್ನು ಈ ಒಂದೇ ಕಾರ್ಖಾನೆಯಿಂದ ಕೊಳ್ಳುತ್ತಿತ್ತು. ದಿನಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ವಾಲ್ವ್‌ಗಳು ಅಲ್ಲಿಂದ ಹೊರಡುತ್ತಿದ್ದವು. ಬೇಕಾದುದನ್ನು ಬೇಕಾದ ಹೊತ್ತಿಗೆ ಮಾತ್ರ ತರಿಸಿಕೊಳ್ಳುವುದು ಟೊಯೋಟಾದ ಜಗತ್ಪ್ರಸಿದ್ಧ ಪದ್ಧತಿ. ಹಾಗಾಗಿ ಗೋದಾಮಿನಲ್ಲಿ ರಾಶಿ ಹಾಕಿದ ದಾಸ್ತಾನು ಎಂಬುದೇ ಇರಲಿಲ್ಲ. ದಾರಿಯಲ್ಲಿದ್ದ ಲಾರಿಗಳೊಳಗಿನದನ್ನೂ ಸೇರಿಸಿದರೆ ಎರಡು ಮೂರು ದಿನಕ್ಕೆ ಸಾಲುವಷ್ಟಿತ್ತು. ಫೆಬ್ರವರಿ 4 ಮತ್ತು 5ರ ಹೊತ್ತಿಗೆ ಜಪಾನಿನಲ್ಲಿದ್ದ ಟೊಯೋಟಾದ ಬಹುಪಾಲು ಜೋಡಣೆ ಸಾಲುಗಳು ನಿಂತವು. ಅವುಗಳ ಹಿಂದೆ ಸೀಟು, ಗಾಜು, ಟೈರು, ವೈರು ಮಾಡುವ ನೂರಾರು ಕಾರ್ಖಾನೆಗಳೂ ನಿಂತವು. ಯಂತ್ರಗಳನ್ನು ಮತ್ತೆ ಮಾಡಿಸಿ ಕೂರಿಸಲು ತಿಂಗಳುಗಳೇ ಬೇಕಾಗಬಹುದೆಂದು ಹೊರಗಿನವರು ಲೆಕ್ಕ ಹಾಕುತ್ತಿದ್ದರು.

ಆಮೇಲೆ ನಡೆದುದನ್ನು ತೊಶಿಹಿರೊ ನಿಶಿಗುಚಿ ಮತ್ತು ಅಲೆಕ್ಸಾಂಡ್ರ್ ಬೋಡೆ ಎಂಬ ಸಂಶೋಧಕರು ಮರುವರ್ಷವೇ ವಿವರವಾಗಿ ಬರೆದಿಟ್ಟಿದ್ದಾರೆ. ಬೆಂಕಿ ಬಿದ್ದ ಬೆಳಿಗ್ಗೆಯೇ ಐಸಿನ್ ತನ್ನ ನೆರೆಹೊರೆಯ ಕಂಪನಿಗಳಿಗೆಲ್ಲ ಸಹಾಯ ಬೇಡಿ ಸುದ್ದಿ ಕಳಿಸಿತು. ಕೇಳಿದವರಿಗೆಲ್ಲ ವಾಲ್ವ್‌ನ ನಕ್ಷೆ ಕೊಟ್ಟಿತು. ಇನ್ನೂರಕ್ಕೂ ಹೆಚ್ಚು ಸಂಸ್ಥೆಗಳು ಕೈಹಾಕಿದವು. ಅವುಗಳಲ್ಲಿ ಅರವತ್ತರಷ್ಟು ನೇರವಾಗಿ ವಾಲ್ವ್‌ಗಳನ್ನೇ ಮಾಡತೊಡಗಿದವು. ಉಳಿದವು ಕೊರೆಯುವ ಉಪಕರಣ, ಕಚ್ಚಾ ಲೋಹ, ಅಳತೆಯ ಸಲಕರಣೆ ಒದಗಿಸಿದವು. ಇವರಲ್ಲಿ ಹೆಚ್ಚಿನವರು ಜನ್ಮದಲ್ಲಿ ಪಿ-ವಾಲ್ವ್ ಮಾಡಿದವರಲ್ಲ. ಐಸಿನ್‌ನಲ್ಲಿ ಅದಕ್ಕೆಂದೇ ರೂಪಿಸಿದ ಯಂತ್ರಗಳಿದ್ದವು. ಇವರ ಬಳಿ ಇದ್ದುದು ಸಾಮಾನ್ಯ ಲೇತು, ಮಿಲ್ಲಿಂಗ್ ಯಂತ್ರಗಳು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ಕಾರಿನ ಭಾಗವನ್ನೇ ಮಾಡಿದ್ದಿಲ್ಲ. ಅದು ಕೂಡ ತನ್ನ ಒಂದು ಮಿಲ್ಲಿಂಗ್ ಯಂತ್ರವನ್ನು ಕಷ್ಟಪಟ್ಟು ಒಗ್ಗಿಸಿಕೊಂಡು ದಿನಕ್ಕೆ ನಲವತ್ತು ವಾಲ್ವ್ ಮಾಡಿಕೊಟ್ಟಿತು. ಮೂವತ್ತು ಸಾವಿರ ಬೇಕಾದಲ್ಲಿ ನಲವತ್ತು! ಆದರೂ ಮಾಡಿತು. ಫೆಬ್ರವರಿ 4ರಂದು, ಅಂದರೆ ನಾಲ್ಕನೇ ದಿನ, ಕ್ಯೋರಿತ್ಸು ಸಾಂಗ್ಯೊ ಎಂಬ ಸಣ್ಣ ಕಂಪನಿಯಿಂದ ಹೊರಗೆ ತಯಾರಾದ ವಾಲ್ವ್‌ಗಳ ಮೊದಲ ಕಂತು ಬಂತು. 6ರಂದು ಟೊಯೋಟಾದ ಕೆಲವು ಕಾರ್ಖಾನೆಗಳು ಬಾಗಿಲು ತೆರೆದವು. ಹತ್ತು ದಿನ ಕಳೆಯುವಷ್ಟರಲ್ಲಿ ಉತ್ಪಾದನೆ ಹಳೆಯ ಮಟ್ಟಕ್ಕೆ ಹತ್ತಿರವಾಗಿತ್ತು.

ಇಡೀ ಪ್ರಸಂಗದಲ್ಲಿ ಅಚ್ಚರಿಯ ಸಂಗತಿ ಈ ವೇಗಕ್ಕಿಂತಲೂ ಬೇರೊಂದಿದೆ. ಕೆಲಸ ಶುರುವಾಗುವ ಮೊದಲು ಯಾರೂ ದರ ಮಾತಾಡಲಿಲ್ಲ. ನಕ್ಷೆಯ ಹಕ್ಕು ಯಾರದು, ಖರ್ಚು ಯಾರ ತಲೆಗೆ ಎಂಬ ಕರಾರಿಗೆ ಸಹಿ ಬೀಳಲಿಲ್ಲ. ಎಲ್ಲ ಮುಗಿದ ಮೇಲೆ ಐಸಿನ್ ನೇರ ಖರ್ಚನ್ನು ತುಂಬಿಕೊಟ್ಟಿತು. ಟೊಯೋಟಾ ತನ್ನ ಮೊದಲ ಹಂತದ ಪೂರೈಕೆದಾರರಿಗೆ, ಆ ಮೂರು ತಿಂಗಳಲ್ಲಿ ಅವರು ತನಗೆ ಮಾರಿದ ಸರಕಿನ ಮೌಲ್ಯದ ನೂರಕ್ಕೆ ಒಂದರಷ್ಟನ್ನು ಕೃತಜ್ಞತೆಯಾಗಿ ಕೊಟ್ಟಿತು. ಅದರ ಒಟ್ಟು ಮೊತ್ತ ಸುಮಾರು 1,500 ಕೋಟಿ ಯೆನ್. ಆ ಕಂಪನಿಗಳಲ್ಲಿ ಹಲವು ಅದನ್ನು ತಮ್ಮ ಕೆಳಗಿನ ಹಂತದವರಿಗೂ ಹಂಚಿದವು.

ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಹೆಸರಿದೆ: ಮುಯ್ಯಾಳು. ನಾಟಿಯ ಸಮಯದಲ್ಲಿ ನಿಮ್ಮ ಗದ್ದೆಗೆ ನಾನು ಬರುತ್ತೇನೆ, ನನ್ನ ಗದ್ದೆಗೆ ನೀವು ಬರುತ್ತೀರಿ. ಕೂಲಿಯ ಮಾತಿಲ್ಲ, ಆದರೆ ಯಾರೂ ಲೆಕ್ಕ ಮರೆಯುವುದಿಲ್ಲ. ಮದುವೆ ಮನೆಯ ಮುಯ್ಯಿಗೂ ಇದೇ ನಿಯಮ. ಜಗತ್ತಿನ ಅತ್ಯಂತ ಲೆಕ್ಕಾಚಾರದ ಉದ್ಯಮವೊಂದರಲ್ಲಿ ಈ ಮುಯ್ಯಾಳಿನ ಪದ್ಧತಿ ಹುಟ್ಟಿಕೊಂಡದ್ದು ಹೇಗೆ? ಅದು ನಿಜಕ್ಕೂ ಮುಯ್ಯಾಳೇ? ಈ ಬರಹ ಹುಡುಕುತ್ತಿರುವುದು ಇದನ್ನು.

ಮೂರು ವಾರ ಹಿಂದೆ

ಕರಿಯಾದ ಬೆಂಕಿಗೆ ಸುಮಾರು ಮೂರು ವಾರ ಮೊದಲು, 1997ರ ಜನವರಿಯಲ್ಲಿ, ಇನ್ನೊಂದು ಸುದ್ದಿ ಉದ್ಯಮ ಜಗತ್ತಿನಲ್ಲಿ ದೊಡ್ಡದಾಗಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಅಮೆರಿಕದ ಜನರಲ್ ಮೋಟರ್ಸ್‌ಗೆ 10 ಕೋಟಿ ಡಾಲರ್ ಕೊಟ್ಟು, ಏಳು ವರ್ಷಗಳಲ್ಲಿ 100 ಕೋಟಿ ಡಾಲರ್ ಮೌಲ್ಯದ ಬಿಡಿಭಾಗಗಳನ್ನು ಅದರಿಂದ ಕೊಳ್ಳುವುದಾಗಿ ಒಪ್ಪಿ, ಒಂದು ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಿತು. ಜಗಳದ ಕೇಂದ್ರದಲ್ಲಿದ್ದವರು ಸ್ಪೇನಿನ ಬಾಸ್ಕ್ ಸೀಮೆಯ ಹೋಸೆ ಇಗ್ನಾಸಿಯೊ ಲೋಪೆಸ್.

1992ರಲ್ಲಿ ಜನರಲ್ ಮೋಟರ್ಸ್ ತೋರಿಸಿದ ನಷ್ಟ 2,350 ಕೋಟಿ ಡಾಲರ್. ನಿವೃತ್ತರ ಆರೋಗ್ಯ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹೊಸ ನಿಯಮ ಅದರ ಬಹುಭಾಗಕ್ಕೆ ಕಾರಣವಾಗಿತ್ತಾದರೂ, ಕಂಪನಿ ತೀವ್ರ ಸಂಕಟದಲ್ಲಿದ್ದುದು ಸುಳ್ಳಲ್ಲ. ಅದೇ ವರ್ಷ ಲೋಪೆಸ್ ಯುರೋಪಿನಿಂದ ಡೆಟ್ರಾಯಿಟ್‌ಗೆ ಬಂದು ಜಗತ್ತಿನಾದ್ಯಂತದ ಖರೀದಿ ವಿಭಾಗದ ಮುಖ್ಯಸ್ಥರಾದರು. ತಮ್ಮ ತಂಡದವರನ್ನು ಯೋಧರೆಂದು ಕರೆದರು, ಅವರಿಗೊಂದು ಆಹಾರ ಪಥ್ಯ ಬರೆದುಕೊಟ್ಟರು, ಕಂಪನಿ ಲಾಭಕ್ಕೆ ಬರುವವರೆಗೆ ವಾಚನ್ನು ಬಲಗೈಗೆ ಕಟ್ಟಿಕೊಳ್ಳುವ ಪಣ ತೊಡಿಸಿದರು. ಜಾರಿಯಲ್ಲಿದ್ದ ಕರಾರುಗಳನ್ನು ಹರಿದು ಹೊಸದಾಗಿ ಹರಾಜಿಗಿಟ್ಟರು. ಎರಡಂಕಿಯ ಬೆಲೆ ಇಳಿಕೆ ಕೇಳಿದರು. ಒಂದು ಕಂಪನಿ ತಾನು ರೂಪಿಸಿದ ನಕ್ಷೆಯನ್ನು ಕೊಟ್ಟರೆ, ಅದನ್ನು ಪ್ರತಿಸ್ಪರ್ಧಿಗೆ ತೋರಿಸಿ ಇನ್ನೂ ಅಗ್ಗಕ್ಕೆ ಮಾಡುತ್ತೀರಾ ಎಂದು ಕೇಳುತ್ತಾರೆಂಬ ದೂರು ಎಲ್ಲೆಡೆ ಕೇಳಿಬಂತು.

ದುಡ್ಡು ಉಳಿಯಿತೇ? ಉಳಿಯಿತು, ದೊಡ್ಡ ಮೊತ್ತವೇ ಉಳಿಯಿತು. 1993ರ ಮಾರ್ಚ್‌ನಲ್ಲಿ ಲೋಪೆಸ್ ಇದ್ದಕ್ಕಿದ್ದಂತೆ ಫೋಕ್ಸ್‌ವ್ಯಾಗನ್ ಸೇರಿದಾಗ, ಅವರನ್ನು ಬಿಟ್ಟುಕೊಡಲು ಜನರಲ್ ಮೋಟರ್ಸ್‌ಗೆ ಸ್ವಲ್ಪವೂ ಮನಸ್ಸಿರಲಿಲ್ಲ. ರಹಸ್ಯ ಕಡತಗಳನ್ನು ಒಯ್ದರೆಂಬ ಆರೋಪ, ಮೊಕದ್ದಮೆ, ರಾಜೀನಾಮೆ, ರಾಜಿ ಎಲ್ಲ ಆಮೇಲಿನ ಮಾತು. ನಮ್ಮ ಪ್ರಶ್ನೆಗೆ ಮುಖ್ಯವಾದುದು ಡೆಟ್ರಾಯಿಟ್‌ನಲ್ಲಿ ಉಳಿದ ಕಹಿ. ಹೊಸದಾಗಿ ಕಂಡುಹಿಡಿದದ್ದನ್ನು ಮೊದಲು ಬೇರೆ ಕಂಪನಿಗಳಿಗೆ ತೋರಿಸಿ, ಜನರಲ್ ಮೋಟರ್ಸ್‌ಗೆ ಕೊನೆಗೆ ಕೊಡುವ ಎಚ್ಚರವನ್ನು ಪೂರೈಕೆದಾರರು ಕಲಿತರು. ಉಳಿತಾಯ ಆ ವರ್ಷದ ಲೆಕ್ಕಪತ್ರದಲ್ಲಿ ಕಾಣಿಸಿಕೊಂಡಿತು. ಕಳೆದುಕೊಂಡ ನಂಬಿಕೆಗೆ ಲೆಕ್ಕಪತ್ರದಲ್ಲಿ ಕಲಮೇ ಇರಲಿಲ್ಲ.

ಬಿಟ್ಟುಹೋಗುವುದು, ಬಾಯಿಬಿಟ್ಟು ಹೇಳುವುದು

ಇದನ್ನು ಒಬ್ಬ ವ್ಯಕ್ತಿಯ ಸ್ವಭಾವದ ಕತೆಯೆಂದು ಬದಿಗಿಡುವಂತಿಲ್ಲ. ಹೊರಗಿನಿಂದ ಕೊಳ್ಳಬೇಕೇ, ತಾನೇ ಮಾಡಿಕೊಳ್ಳಬೇಕೇ ಎಂಬ ಪ್ರಶ್ನೆ ಕಾರಿನಷ್ಟೇ ಹಳೆಯದು. ಹೆನ್ರಿ ಫೋರ್ಡ್ 1920ರ ದಶಕದಲ್ಲಿ ರೂಜ್ ನದಿಯ ದಂಡೆಯಲ್ಲಿ ಕಟ್ಟಿದ ಬೃಹತ್ ಕಾರ್ಖಾನೆ ಒಂದು ಉತ್ತರ: ಒಂದು ಬದಿಯಲ್ಲಿ ಅದಿರು ಇಳಿಯಬೇಕು, ಇನ್ನೊಂದು ಬದಿಯಲ್ಲಿ ಕಾರು ಹೊರಡಬೇಕು, ನಡುವೆ ಯಾರ ಹಂಗೂ ಇರಬಾರದು. ಜನರಲ್ ಮೋಟರ್ಸ್ ಕಾರಿನ ಮೈ ಕಟ್ಟುತ್ತಿದ್ದ ಫಿಶರ್ ಬಾಡಿ ಕಂಪನಿಯಲ್ಲಿ 1919ರಲ್ಲಿ ನೂರಕ್ಕೆ 60ರಷ್ಟು ಪಾಲು ಕೊಂಡು, 1926ರಲ್ಲಿ ಇಡಿಯಾಗಿ ತನ್ನೊಳಗೆ ಸೇರಿಸಿಕೊಂಡಿತು.

ಈ ಫಿಶರ್ ಬಾಡಿ ಅರ್ಥಶಾಸ್ತ್ರದ ಪಠ್ಯಗಳಲ್ಲಿ ಒಂದು ಪುರಾಣವಾಗಿಬಿಟ್ಟಿದೆ. 1978ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಬರೆದ ಹೆಸರಾಂತ ಪ್ರಬಂಧವೊಂದರ ವಾದ ಹೀಗಿದೆ: ಒಬ್ಬ ಗಿರಾಕಿಗೆಂದೇ ಹಣ ಹೂಡಿ ಯಂತ್ರ ಹಾಕಿಕೊಂಡವನ ಜುಟ್ಟು ಆ ಗಿರಾಕಿಯ ಕೈಯಲ್ಲಿರುತ್ತದೆ, ಅಥವಾ ಗಿರಾಕಿಯ ಜುಟ್ಟು ಅವನ ಕೈಯಲ್ಲಿ. ಫಿಶರ್‌ನವರು ಹೀಗೆ ಜನರಲ್ ಮೋಟರ್ಸ್ ಅನ್ನು ಇಕ್ಕಟ್ಟಿಗೆ ಸಿಲುಕಿಸಿದ್ದರಿಂದ ಆ ಕಂಪನಿಯನ್ನೇ ಕೊಳ್ಳಬೇಕಾಯಿತು. ಅಂದರೆ ಇಬ್ಬರು ಸ್ವತಂತ್ರರ ನಡುವೆ ನಂಬಿಕೆ ನಿಲ್ಲದು. ಒಂದೋ ಮಾರುಕಟ್ಟೆ, ಇಲ್ಲವೇ ಒಡೆತನ.

ಈ ಪುರಾಣವನ್ನು ಒಪ್ಪದವರಲ್ಲಿ ರೊನಾಲ್ಡ್ ಕೋಸ್ ಪ್ರಮುಖರು. ಕಂಪನಿ ಎಂಬುದು ಯಾಕಾದರೂ ಇರಬೇಕು ಎಂಬ ಮುಗ್ಧ ಪ್ರಶ್ನೆಯನ್ನು 1937ರ ಪ್ರಬಂಧದಲ್ಲಿ ಕೇಳಿ, 1991ರಲ್ಲಿ ನೊಬೆಲ್ ಪಡೆದವರು ಅವರು. ವಿದ್ಯಾರ್ಥಿಯಾಗಿದ್ದಾಗ 1931–32ರಲ್ಲಿ ಅಮೆರಿಕದ ಕಾರ್ಖಾನೆಗಳನ್ನು ಸುತ್ತಿದ್ದ ಅವರು ಎ. ಓ. ಸ್ಮಿತ್ ಎಂಬ ಕಂಪನಿಯನ್ನು ಗಮನಿಸಿದ್ದರು. ಅದು ಕಾರಿನ ಚೌಕಟ್ಟುಗಳನ್ನು ಮಾಡಲೆಂದೇ ಬಹಳ ದುಡ್ಡು ಹಾಕಿ ಯಂತ್ರ ಕೂರಿಸಿ, ಜನರಲ್ ಮೋಟರ್ಸ್‌ಗೆ ಮಾರುತ್ತ, ಆದರೂ ಸ್ವತಂತ್ರವಾಗಿಯೇ ಉಳಿದಿತ್ತು. ಯಾರೂ ಯಾರ ಜುಟ್ಟನ್ನೂ ಹಿಡಿಯಲಿಲ್ಲ, ಏಕೆಂದರೆ ನಾಳೆಯೂ ವ್ಯಾಪಾರ ಮಾಡಬೇಕಿತ್ತು. ತೊಂಬತ್ತರ ಹರೆಯದಲ್ಲಿದ್ದ ಕೋಸ್ 2000ದಲ್ಲಿ ಫಿಶರ್ ಬಾಡಿಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿ, ಇಕ್ಕಟ್ಟಿಗೆ ಸಿಲುಕಿಸಿದ ಕತೆಗೆ ಆಧಾರವಿಲ್ಲ ಎಂದು ಬರೆದರು.

ಮಾರುಕಟ್ಟೆ ಮತ್ತು ಒಡೆತನದ ನಡುವಿನ ಈ ಮೂರನೆಯ ಜಾಗಕ್ಕೆ ನನಗೆ ಅತ್ಯಂತ ಉಪಯುಕ್ತ ಅನಿಸಿದ ಭಾಷೆ ಆಲ್ಬರ್ಟ್ ಹಿರ್ಷ್‌ಮನ್ ಅವರದು. ನೈಜೀರಿಯಾದ ರೈಲ್ವೆ ಯಾಕೆ ಸುಧಾರಿಸುತ್ತಿಲ್ಲ ಎಂದು ಯೋಚಿಸುತ್ತ ಅವರು ಕಂಡುಕೊಂಡದ್ದು ಸರಳ. ರೈಲಿನಿಂದ ಬೇಸತ್ತ ಗಿರಾಕಿಗಳು ಲಾರಿಗಳಿಗೆ ಹೊರಟುಹೋದರು; ಗಟ್ಟಿಯಾಗಿ ದೂರು ಕೊಡಬಲ್ಲವರೇ ಹೊರಟುಹೋದ ಮೇಲೆ ರೈಲ್ವೆಯನ್ನು ತಿದ್ದುವವರು ಯಾರೂ ಉಳಿಯಲಿಲ್ಲ. ಅಸಮಾಧಾನಕ್ಕೆ ಎರಡು ದಾರಿ: ಬಿಟ್ಟುಹೋಗುವುದು ಅಥವಾ ಬಾಯಿಬಿಟ್ಟು ಹೇಳುವುದು. 1970ರಲ್ಲಿ ಪುಸ್ತಕವಾಗಿ ಬಂದ ಈ ಚಿಂತನೆಯನ್ನು ಸೂಸನ್ ಹೆಲ್ಪರ್ ಎಂಬ ಅರ್ಥಶಾಸ್ತ್ರಜ್ಞೆ ಅಮೆರಿಕದ ಕಾರು ಉದ್ಯಮದ ಚರಿತ್ರೆಗೆ ಅನ್ವಯಿಸಿದರು. ಪೂರೈಕೆದಾರನ ಸರಕಿನಲ್ಲಿ ದೋಷ ಕಂಡಾಗ ಇನ್ನೊಬ್ಬನನ್ನು ಹುಡುಕುವುದು ಒಂದು ಸಂಬಂಧ. ಅವನ ಕಾರ್ಖಾನೆಗೇ ಹೋಗಿ ದೋಷ ಎಲ್ಲಿದೆಯೆಂದು ಜತೆಗೆ ನೋಡುವುದು ಇನ್ನೊಂದು. ಕಾರು ಉದ್ಯಮದ ಆರಂಭದ ದಿನಗಳಲ್ಲಿ ಅಮೆರಿಕದಲ್ಲೂ ಎರಡನೆಯದೇ ಹೆಚ್ಚಾಗಿತ್ತು ಎಂಬುದು ಹೆಲ್ಪರ್ ಎತ್ತಿ ತೋರಿಸಿದ ಮುಖ್ಯ ಸಂಗತಿ. ಅಂದರೆ ಇದು ಜಪಾನೀಯರ ರಕ್ತದಲ್ಲಿರುವ ಗುಣವೂ ಅಲ್ಲ, ಅಮೆರಿಕದವರ ಹಣೆಬರಹವೂ ಅಲ್ಲ. ಇತಿಹಾಸದ ಒಂದೊಂದು ತಿರುವಿನಲ್ಲಿ ಮಾಡಿಕೊಂಡ ಆಯ್ಕೆ.

ಬಡತನದಲ್ಲಿ ಹುಟ್ಟಿದ ನಂಟು

ಟೊಯೋಟಾದ ಆಯ್ಕೆಗಳನ್ನು ನೋಡಿದರೆ ಅವುಗಳ ಹಿಂದೆ ಉದಾರತೆಗಿಂತ ಹೆಚ್ಚಾಗಿ ಕೊರತೆ ಕಾಣಿಸುತ್ತದೆ. ಮಗ್ಗ ಮಾಡುವ ಮನೆತನದಿಂದ ಬಂದ ಕಿಯಿಚಿರೊ ಟೊಯೋಡಾ 1930ರ ದಶಕದಲ್ಲಿ ಕಾರಿಗೆ ಕೈಹಾಕಿದಾಗ, ಎಲ್ಲವನ್ನೂ ತಾನೇ ಮಾಡುವಷ್ಟು ಬಂಡವಾಳ ಅವರಲ್ಲಿರಲಿಲ್ಲ. 1939ರ ಖರೀದಿ ನಿಯಮಗಳಲ್ಲಿ ಅವರ ಕಂಪನಿ, ಒಮ್ಮೆ ಆರಿಸಿಕೊಂಡ ಪೂರೈಕೆದಾರರನ್ನು ತನ್ನದೇ ಶಾಖೆಗಳಂತೆ ಕಾಣಬೇಕು, ಕಾರಣವಿಲ್ಲದೆ ಬದಲಿಸಬಾರದು, ಅವರ ಕೆಲಸದ ಮಟ್ಟ ಏರಿಸಲು ನೆರವಾಗಬೇಕು ಎಂದು ಬರೆದುಕೊಂಡಿತು. 1943ರಲ್ಲಿ ಪೂರೈಕೆದಾರರ ಒಕ್ಕೂಟಕ್ಕೆ ಕ್ಯೋಹೊಕಾಯ್ ಎಂಬ ಹೆಸರು ಬಂತು.

ಯುದ್ಧ ಸೋತ ಜಪಾನಿನ ಹಣದುಬ್ಬರವನ್ನು ಹತೋಟಿಗೆ ತರಲು ಅಮೆರಿಕದ ಆಡಳಿತ 1949ರಲ್ಲಿ ಜೋಸೆಫ್ ಡಾಜ್ ಎಂಬ ಬ್ಯಾಂಕರನ್ನು ಕಳಿಸಿತು. ಕಾಕತಾಳೀಯವೆಂಬಂತೆ ಅವರೂ ಡೆಟ್ರಾಯಿಟ್‌ನವರೇ. ಅವರ ಬಿಗಿ ನೀತಿಯಿಂದ ಸಾಲ ಬತ್ತಿ, ಗಿರಾಕಿಗಳು ಕಡಿಮೆಯಾಗಿ, ಟೊಯೋಟಾ ಮುಳುಗುವ ಹಂತಕ್ಕೆ ಬಂತು. ನಗೋಯಾದ ಬ್ಯಾಂಕುಗಳು ಸೇರಿ ಸಾಲ ಕೊಟ್ಟು ಉಳಿಸಿದವು. 1949ರ ಡಿಸೆಂಬರ್‌ನಲ್ಲಿ ವಿದ್ಯುತ್ ಉಪಕರಣಗಳ ವಿಭಾಗವನ್ನು ಬೇರ್ಪಡಿಸಲಾಯಿತು. ಇಂದಿನ ದೈತ್ಯ ಡೆನ್ಸೊ ಹುಟ್ಟಿದ್ದು ಹೀಗೆ, ಮನೆಯಿಂದ ಹೊರಹಾಕಿದ ಮಗುವಿನಂತೆ. 1950ರಲ್ಲಿ 1,600 ಜನರನ್ನು ಕೆಲಸದಿಂದ ಬಿಡಿಸುವ ಪ್ರಸ್ತಾಪ ಬಂದು ದೊಡ್ಡ ಮುಷ್ಕರವಾಯಿತು. ಯಾರನ್ನೂ ತೆಗೆಯುವುದಿಲ್ಲವೆಂದು ಮಾತು ಕೊಟ್ಟಿದ್ದ ಕಿಯಿಚಿರೊ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆಯಿಂದ ಟ್ರಕ್ಕುಗಳಿಗೆ ಬೇಡಿಕೆ ಬಂದು ಕಂಪನಿ ಚೇತರಿಸಿಕೊಂಡಿತು.

ಆ ಹೊತ್ತಿನ ಪಾಠ ಉಳಿಯಿತು: ಜನ ಮತ್ತು ಯಂತ್ರಗಳನ್ನು ಮನೆಯೊಳಗೆ ತುಂಬಿಕೊಳ್ಳುವುದಕ್ಕಿಂತ, ಹೊರಗಿರುವವರನ್ನು ಗಟ್ಟಿ ಮಾಡುವುದು ಲೇಸು. ತೈಯಿಚಿ ಓನೊ ಕಾರ್ಖಾನೆಯೊಳಗೆ ರೂಪಿಸಿದ ಕಾನ್‌ಬಾನ್ ಚೀಟಿಗಳ ಪದ್ಧತಿ 1960ರ ದಶಕದಲ್ಲಿ ಪೂರೈಕೆದಾರರ ಕಡೆಗೂ ಹಬ್ಬಿತು. 1970ರಲ್ಲಿ ಟೊಯೋಟಾ ತನ್ನ ನುರಿತವರನ್ನೇ ಆರಿಸಿ ಒಂದು ತಂಡ ಕಟ್ಟಿತು. ಅವರು ಪೂರೈಕೆದಾರರ ಕಾರ್ಖಾನೆಗೆ ಹೋಗಿ ನೆಲದ ಮೇಲೆ ನಿಂತು, ಯಾವ ಯಂತ್ರ ಸುಮ್ಮನೆ ನಿಂತಿದೆ, ಯಾವ ಸರಕು ರಾಶಿ ಬಿದ್ದಿದೆ, ಯಾರು ಅನಗತ್ಯವಾಗಿ ಓಡಾಡುತ್ತಿದ್ದಾರೆ ಎಂದು ತೋರಿಸಿಕೊಡುತ್ತಿದ್ದರು. ಕಲಿತದ್ದನ್ನು ಬಚ್ಚಿಡುವಂತಿಲ್ಲ; ಪಕ್ಕದ ಪೂರೈಕೆದಾರ ನೋಡಲು ಬಂದರೆ ಬಾಗಿಲು ತೆರೆಯಬೇಕು.

ಇನ್ನೊಂದು ಮುಖ್ಯ ವಿಷಯ ನಕ್ಷೆಯದು. ಬಾನ್ರಿ ಅಸಾನುಮಾ ಎಂಬ ಕ್ಯೋಟೊದ ಅರ್ಥಶಾಸ್ತ್ರಜ್ಞರು ಜಪಾನಿನ ಪೂರೈಕೆದಾರರನ್ನು ಎರಡಾಗಿ ವಿಂಗಡಿಸಿದರು. ಕಾರು ಕಂಪನಿ ಕೊಟ್ಟ ನಕ್ಷೆಯಂತೆ ಮಾಡಿಕೊಡುವವರು ಒಂದು ಗುಂಪು. ತಾವೇ ನಕ್ಷೆ ಬರೆದು ಕಂಪನಿಯ ಒಪ್ಪಿಗೆ ಪಡೆದು ಮಾಡುವವರು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ಏರುವುದೆಂದರೆ ಕೈಕೆಲಸದಿಂದ ಚಿಂತನೆಗೆ ಏರುವುದು. ಹೀಗೆ ಏರಬಹುದು ಎಂಬ ಭರವಸೆಯೇ ಪೂರೈಕೆದಾರ ಇಂದು ಸ್ವಲ್ಪ ಸೋತರೂ ನಾಳೆಗಾಗಿ ಕಾಯುವಂತೆ ಮಾಡುತ್ತಿತ್ತು. 1997ರಲ್ಲಿ ಐಸಿನ್‌ನ ನಕ್ಷೆ ಕೈಗೆ ಬಂದ ಕೂಡಲೇ ಅಷ್ಟೊಂದು ಜನ ಅದನ್ನು ತಮ್ಮ ತಮ್ಮ ಯಂತ್ರಕ್ಕೆ ಒಗ್ಗಿಸಿಕೊಂಡದ್ದರ ಹಿಂದೆ ಈ ಕಲಿಕೆಯಿದೆ. ಬಂದವರು ಬರಿಯ ನಿಷ್ಠಾವಂತರಲ್ಲ, ಕೆಲಸ ಬಲ್ಲವರು. ಆ ಒಂದು ವಾರದಲ್ಲಿ ಖರ್ಚಾದದ್ದು ಮೂವತ್ತು ನಲವತ್ತು ವರ್ಷಗಳಲ್ಲಿ ಕೂಡಿಟ್ಟ ಗಂಟು.

ಹಳೆಯ ನಂಟೆಲ್ಲ ಒಳ್ಳೆಯ ನಂಟೇ?

ಇಲ್ಲಿಗೆ ನಿಲ್ಲಿಸಿದರೆ ಕತೆ ಸುಂದರವಾಗಿರುತ್ತದೆ, ಆದರೆ ಅರ್ಧ ಸತ್ಯವಾಗುತ್ತದೆ. ಅದೇ ಜಪಾನಿನ ನಿಸಾನ್ ಕಂಪನಿಗೂ ಪೂರೈಕೆದಾರರ ಬಳಗವಿತ್ತು, ದಶಕಗಳ ಒಡನಾಟವಿತ್ತು, ಪರಸ್ಪರ ಷೇರುಗಳಿದ್ದವು. 1999ರಲ್ಲಿ ಅದು ಸಾಲದಲ್ಲಿ ಮುಳುಗಿ ಫ್ರಾನ್ಸಿನ ರೆನೋದ ಕೈ ಹಿಡಿಯಿತು. ರೆನೋದಿಂದ ಬಂದ ಕಾರ್ಲೋಸ್ ಘೋನ್ ಆ ಅಕ್ಟೋಬರ್‌ನಲ್ಲಿ ಘೋಷಿಸಿದ ಯೋಜನೆಯಲ್ಲಿ ಖರೀದಿ ವೆಚ್ಚ ನೂರಕ್ಕೆ 20ರಷ್ಟು ಇಳಿಯಬೇಕಿತ್ತು, ಪೂರೈಕೆದಾರರ ಸಂಖ್ಯೆ 1,145ರಿಂದ 600ಕ್ಕೆ ಬರಬೇಕಿತ್ತು, ಅನ್ಯ ಕಂಪನಿಗಳಲ್ಲಿನ ಷೇರುಗಳ ಬಹುಭಾಗ ಮಾರಾಟವಾಗಬೇಕಿತ್ತು. ಜಪಾನ್ ಬೆಚ್ಚಿಬಿತ್ತು. ಆದರೆ ನಿಸಾನ್ ಮರುವರ್ಷವೇ ಲಾಭಕ್ಕೆ ಮರಳಿತು.

ಹಾಗಾದರೆ ಲೋಪೆಸ್ ಹೇಳಿದ್ದೇ ಸರಿಯೇ? ನನಗೆ ಹಾಗನಿಸುವುದಿಲ್ಲ. ನಿಸಾನ್‌ನ ಉದಾಹರಣೆ ಹೇಳುವುದೇನೆಂದರೆ, ನಂಟು ಹಳೆಯದಾದ ಮಾತ್ರಕ್ಕೆ ಫಲ ಕೊಡುವುದಿಲ್ಲ. ಷೇರು ಹಿಡಿದುಕೊಂಡು, ಕೇಳಿದ ಬೆಲೆ ಕೊಟ್ಟು, ಹಬ್ಬಕ್ಕೆ ಉಡುಗೊರೆ ಕಳಿಸಿಕೊಂಡು ಇದ್ದುಬಿಡುವ ಬಾಂಧವ್ಯದಲ್ಲಿ ಬಾಯಿಬಿಟ್ಟು ಹೇಳುವುದೂ ಇಲ್ಲ, ಬಿಟ್ಟುಹೋಗುವುದೂ ಇಲ್ಲ. ಟೊಯೋಟಾದ ನಂಟು ಅಷ್ಟು ಹಿತವಾದದ್ದಲ್ಲ. ಅಲ್ಲಿ ಗಿರಾಕಿ ಕೊಡಲು ಸಿದ್ಧನಿರುವ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಪ್ರತಿಯೊಂದು ಬಿಡಿಭಾಗಕ್ಕೂ ಮಿತಿ ಗೊತ್ತುಮಾಡುತ್ತಾರೆ. ವರ್ಷ ವರ್ಷವೂ ಬೆಲೆ ಇಳಿಯಬೇಕು. ಆದರೆ ಹೇಗೆ ಇಳಿಸುವುದೆಂದು ಕಂಡುಹಿಡಿಯಲು ಕೊಳ್ಳುವವನೂ ಜತೆಗೆ ನಿಲ್ಲುತ್ತಾನೆ. ಲೋಪೆಸ್ ಬೆಲೆ ಇಳಿಸಿ ಎಂದರು; ಓನೊನ ಶಿಷ್ಯರು ಖರ್ಚು ಇಳಿಸೋಣ ಎಂದರು. ಒಂದು ಅಕ್ಷರದ ಪ್ರತ್ಯಯದಲ್ಲಿ ಎರಡು ಲೋಕಗಳಿವೆ.

ಈ ನಂಟು ಕಟ್ಟಲು ಎಷ್ಟು ಕಾಲ ಬೇಕೋ ಮುರಿಯಲು ಅಷ್ಟು ಬೇಡ ಎಂಬುದಕ್ಕೆ ಕ್ರೈಸ್ಲರ್ ಸಾಕ್ಷಿ. 1990ರ ದಶಕದಲ್ಲಿ ಅದು ಪೂರೈಕೆದಾರರಿಂದ ಉಳಿತಾಯದ ಸಲಹೆಗಳನ್ನು ಕೇಳಿ, ಉಳಿದದ್ದರಲ್ಲಿ ಅವರಿಗೂ ಪಾಲು ಕೊಟ್ಟು, ಅಮೆರಿಕದಲ್ಲೂ ಇದು ಸಾಧ್ಯವೆಂದು ತೋರಿಸಿತ್ತು. 1998ರಲ್ಲಿ ಜರ್ಮನಿಯ ಡೈಮ್ಲರ್ ಜತೆ ವಿಲೀನವಾಯಿತು. ನಷ್ಟ ಬಂತು. 2000ದ ಡಿಸೆಂಬರ್‌ನಲ್ಲಿ ಹೊಸ ಮುಖ್ಯಸ್ಥರು ಎಲ್ಲ ಪೂರೈಕೆದಾರರೂ ಜನವರಿ 1ರಿಂದಲೇ ನೂರಕ್ಕೆ 5ರಷ್ಟು ಬೆಲೆ ಇಳಿಸಬೇಕು, ಮುಂದೆ ಇನ್ನೂ 10ರಷ್ಟು ಎಂದು ಹೇಳಿಕಳಿಸಿದರು. ಹತ್ತು ವರ್ಷದ ಬೆಳೆ ಒಂದು ಪತ್ರದಲ್ಲಿ ಒಣಗಿತು.

ಸಮಾನರಲ್ಲದವರ ಮುಯ್ಯಿ

ಮುಯ್ಯಾಳಿನ ಹೋಲಿಕೆಗೆ ಮರಳೋಣ. ಗದ್ದೆಯಲ್ಲಿ ಮುಯ್ಯಾಳು ನಡೆಯುವುದು ಹೆಚ್ಚುಕಡಿಮೆ ಸಮಾನ ಹಿಡುವಳಿಯವರ ನಡುವೆ. ಜಮೀನ್ದಾರನ ಗದ್ದೆಗೆ ಕರೆ ಬಂದಾಗ ಹೋಗುವುದಕ್ಕೆ ಮುಯ್ಯಾಳು ಎನ್ನುವುದಿಲ್ಲ, ಬಿಟ್ಟಿ ಎನ್ನುತ್ತಾರೆ. ಕರಿಯಾದಲ್ಲಿ ನಡೆದುದು ಇವೆರಡರಲ್ಲಿ ಯಾವುದು?

ಉತ್ತರ ಸರಪಳಿಯ ಯಾವ ಕೊಂಡಿಯಲ್ಲಿ ನಿಂತು ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಡೆನ್ಸೊ, ಐಸಿನ್‌ನಂಥ ಮೊದಲ ಹಂತದ ಕಂಪನಿಗಳು ಟೊಯೋಟಾದೊಡನೆ ಮಾತಾಡಬಲ್ಲವು. ಅವುಗಳ ಕೆಳಗಿನ ಎರಡನೆಯ, ಮೂರನೆಯ ಹಂತದ ವರ್ಕ್‌ಶಾಪ್‌ಗಳಲ್ಲಿ ಸಂಬಳ ಕಡಿಮೆ, ಭದ್ರತೆ ಕಡಿಮೆ. ಬೇಡಿಕೆ ಕುಸಿದಾಗ ಮೊದಲು ಖಾಲಿಯಾಗುವುದು ಅವುಗಳ ಆರ್ಡರು. ಬೇಕಾದ ಹೊತ್ತಿಗೆ ಮಾತ್ರ ಬೇಕು ಎನ್ನುವ ಸೌಕರ್ಯ ಮೇಲಿನವನದು. ಆ ಹೊತ್ತಿಗಾಗಿ ಕಾಯುವ ಒತ್ತಡ ಕೆಳಗಿನವನದು. ಮುಖ್ಯ ಕಾರ್ಖಾನೆಯೊಳಗೂ ಎಲ್ಲರಿಗೂ ಒಂದೇ ಬಾಳಿರಲಿಲ್ಲ. 1972–73ರಲ್ಲಿ ಹಂಗಾಮಿ ಕಾರ್ಮಿಕನಾಗಿ ಟೊಯೋಟಾ ಸೇರಿದ್ದ ಪತ್ರಕರ್ತ ಸಾತೋಶಿ ಕಾಮಾತಾ ಬರೆದ ದಿನಚರಿ ಆ ಸಾಲಿನ ವೇಗವನ್ನು ಮೈಮೇಲೆ ಅನುಭವಿಸಿದವನ ದಾಖಲೆ.

ಜಪಾನ್ ಸರ್ಕಾರಕ್ಕೂ ಇದು ಗೊತ್ತಿಲ್ಲದ ವಿಷಯವಲ್ಲ. ಒಳಗುತ್ತಿಗೆದಾರರಿಗೆ ಹಣ ಕೊಡುವುದನ್ನು ತಡಮಾಡುವುದು, ಒಪ್ಪಿದ ಮೇಲೆ ಬೆಲೆ ಕಡಿತ ಮಾಡುವುದು ತಪ್ಪೆಂದು 1956ರಲ್ಲೇ ಅಲ್ಲಿ ಕಾನೂನು ಬಂತು. ಕಾನೂನು ಬೇಕಾಯಿತು ಎಂಬುದರಲ್ಲೇ ನಂಬಿಕೆಯ ಮಿತಿಯೂ ಕಾಣುತ್ತದೆ. 2024ರ ಮಾರ್ಚ್‌ನಲ್ಲಿ, 36 ಪೂರೈಕೆದಾರರಿಗೆ ಕೊಡಬೇಕಾದ ಹಣದಲ್ಲಿ ಸುಮಾರು 300 ಕೋಟಿ ಯೆನ್ ಅನ್ಯಾಯವಾಗಿ ಕಡಿತ ಮಾಡಿದ್ದಕ್ಕೆ ನಿಸಾನ್ ಕಂಪನಿಗೆ ಜಪಾನಿನ ವ್ಯಾಪಾರ ಆಯೋಗ ಇದೇ ಕಾನೂನಿನಡಿ ತಾಕೀತು ಮಾಡಿತು.

ದೊಡ್ಡವನು ಚಿಕ್ಕವನನ್ನು ಮರೆತರೆ ಅದರ ಪೆಟ್ಟು ದೊಡ್ಡವನಿಗೂ ತಟ್ಟುತ್ತದೆ ಎಂಬುದನ್ನು ಇತ್ತೀಚಿನ ವರ್ಷಗಳು ಕಲಿಸಿವೆ. 2011ರ ಮಾರ್ಚ್ 11ರ ಭೂಕಂಪದಲ್ಲಿ ಕಾರಿನ ಚಿಪ್‌ಗಳನ್ನು ಮಾಡುತ್ತಿದ್ದ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆ ಹಾಳಾದಾಗ, ತನ್ನ ಸರಪಳಿಯ ಕೆಳಗಿನ ಕೊಂಡಿಗಳಲ್ಲಿ ಯಾರ್‍ಯಾರಿದ್ದಾರೆ ಎಂಬುದೇ ಟೊಯೋಟಾಕ್ಕೆ ಪೂರ್ತಿ ಗೊತ್ತಿರಲಿಲ್ಲ. ಆಗಲೂ ಬೇರೆ ಬೇರೆ ಕಂಪನಿಗಳಿಂದ ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಹೋಗಿ ನಾಕಾವನ್ನು ಎಬ್ಬಿಸಿ ನಿಲ್ಲಿಸಿದರು. ಜೂನ್‌ನಲ್ಲಿ ಅಲ್ಲಿ ಮತ್ತೆ ಕೆಲಸ ಶುರುವಾಯಿತು. ಆದರೆ ಈ ಸಲ ಟೊಯೋಟಾ ಮುಯ್ಯಾಳನ್ನಷ್ಟೇ ನಂಬಿ ಕೂರಲಿಲ್ಲ. ಕೆಳಹಂತದವರೆಗೂ ಯಾರು ಎಲ್ಲಿ ಏನು ಮಾಡುತ್ತಾರೆ ಎಂಬ ಪಟ್ಟಿ ಮಾಡಿತು, ಚಿಪ್‌ಗಳನ್ನು ಕೆಲವು ತಿಂಗಳಿಗಾಗುವಷ್ಟು ಕೂಡಿಡುವಂತೆ ಪೂರೈಕೆದಾರರಿಗೆ ಹೇಳಿತು. ದಾಸ್ತಾನು ಎಂದರೆ ಪಾಪ ಎನ್ನುತ್ತಿದ್ದ ಕಂಪನಿ! 2021ರ ಚಿಪ್ ಬರಗಾಲದಲ್ಲಿ ಉಳಿದವರು ಮುಗ್ಗರಿಸಿದಾಗ ಅದು ಹಲವು ತಿಂಗಳು ಹೆಚ್ಚು ಕಾಲ ನಿಂತದ್ದು ಇದರಿಂದಲೇ. ಕೊಜಿಮಾ ಎಂಬ ಪೂರೈಕೆದಾರ ಕಂಪನಿಯ ಕಂಪ್ಯೂಟರಿಗೆ ಕನ್ನ ಬಿದ್ದುದರಿಂದ 2022ರ ಮಾರ್ಚ್ 1ರಂದು ಜಪಾನಿನಲ್ಲಿದ್ದ ಟೊಯೋಟಾದ 14 ಕಾರ್ಖಾನೆಗಳೂ ಒಂದು ದಿನ ನಿಂತವು. ಸರಪಳಿಯ ಬಲ ಅದರ ಅತ್ಯಂತ ಸಣ್ಣ ಕೊಂಡಿಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ನಮ್ಮ ಊರಿನ ಕೊಂಡಿಗಳು

ಈ ಚರಿತ್ರೆ ಕನ್ನಡ ಓದುಗರಿಗೆ ದೂರದ್ದಲ್ಲ. ಬೆಂಗಳೂರಿಗರು ದಿನವೂ ಬಾಯಲ್ಲಾಡುವ ಮೈಕೋ ಲೇಔಟ್ ಎಂಬ ಹೆಸರು 1951ರಲ್ಲಿ ಶುರುವಾದ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಇಂಧನ ಪಂಪುಗಳನ್ನು ಮಾಡಿದ ಕಂಪನಿಯದು. ಕಾರು ಕಂಪನಿ ಬರುವುದಕ್ಕೆ ಎಷ್ಟೋ ಮೊದಲೇ ಈ ಊರು ಪೂರೈಕೆದಾರರ ಊರಾಗಿತ್ತು. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಗೆ ಕೆಲಸ ಆರಂಭಿಸಿತು. ಕಂಪನಿಯ ಸ್ಥಾಪನೆ 1997ರಲ್ಲಿ, ಕರಿಯಾದ ಬೆಂಕಿಯ ವರ್ಷದಲ್ಲೇ. ಅದರೊಡನೆ ಕಾನ್‌ಬಾನ್ ಬಂತು, ಕೈಜೆನ್ ಎಂಬ ಮಾತು ಬಂತು, ಸುತ್ತಮುತ್ತ ಬಿಡಿಭಾಗಗಳ ಕಾರ್ಖಾನೆಗಳು ಬಂದವು. 2020ರ ನವೆಂಬರ್‌ನಲ್ಲಿ ಅಲ್ಲಿ ಮುಷ್ಕರ, ಲಾಕೌಟ್ ಶುರುವಾಗಿ ತಿಂಗಳುಗಟ್ಟಲೆ ಎಳೆದಾಗ, ಬಾಯಿಬಿಟ್ಟು ಹೇಳುವ ದಾರಿ ಪೂರೈಕೆದಾರರಿಗಷ್ಟೇ ಅಲ್ಲ, ಕಾರ್ಮಿಕರಿಗೂ ಬೇಕೆಂಬ ಹಳೆಯ ಪ್ರಶ್ನೆ ಹೊಸದಾಗಿ ಕೇಳಿಬಂತು.

ಈ ಸರಪಳಿಯ ಕೆಳಗಿನ ತುದಿ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿದೆ: ಒಂದು ಶೆಡ್ಡು, ನಾಲ್ಕು ಲೇತು, ಹತ್ತು ಜನ. ಇಲ್ಲಿ ಯಾರೂ ಪೂರೈಕೆ ಸರಪಳಿ ಎನ್ನುವುದಿಲ್ಲ. ಜಾಬ್ ವರ್ಕ್ ಎನ್ನುತ್ತಾರೆ, ಪೇಮೆಂಟ್ ಬಂತಾ ಎನ್ನುತ್ತಾರೆ. ಸಣ್ಣ ಉದ್ಯಮಗಳ ಬಿಲ್ಲನ್ನು 45 ದಿನದೊಳಗೆ ತೀರಿಸಬೇಕೆಂದು 2006ರ ಕೇಂದ್ರ ಕಾಯ್ದೆ ಹೇಳುತ್ತದೆ. ಹದಿನೆಂಟು ವರ್ಷ ಕಳೆದ ಮೇಲೆ, 2024ರ ಏಪ್ರಿಲ್‌ನಿಂದ, ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಆ ವರ್ಷದ ಖರ್ಚಾಗಿ ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂಬ ನಿಯಮವನ್ನೂ ತರಬೇಕಾಯಿತು. ಗಡುವನ್ನು ಕಾಯ್ದೆ ಮಾಡುವಷ್ಟರಿಂದ ಕೆಲಸ ಆಗಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಪೂರೈಕೆದಾರರ ಸಂಬಂಧ ಎಂಬುದನ್ನು ನಿರ್ವಹಣಾಶಾಸ್ತ್ರದ ಪುಸ್ತಕಗಳು ದಕ್ಷತೆಯ ಅಧ್ಯಾಯದಲ್ಲಿಡುತ್ತವೆ. ಅದು ಅಲ್ಲಿರಬೇಕಾದದ್ದೇ; ಕರಿಯಾದ ಆ ವಾರ ಅದನ್ನು ಸಾಬೀತು ಮಾಡಿದೆ. ಆದರೆ ಅದೇ ಸಂಬಂಧಕ್ಕೆ ನ್ಯಾಯದ ಅಧ್ಯಾಯದಲ್ಲೂ ಜಾಗವಿದೆ. ಆಪತ್ತಿಗಾದವನೇ ನೆಂಟ ಎನ್ನುತ್ತದೆ ನಮ್ಮ ಗಾದೆ. ದೊಡ್ಡ ಕಂಪನಿಯ ಆಪತ್ತಿಗೆ ಇನ್ನೂರು ಜನ ಓಡಿ ಬಂದುದನ್ನು ಚರಿತ್ರೆ ಬರೆದಿಟ್ಟುಕೊಂಡಿದೆ. ನಾಲ್ಕು ಲೇತಿನ ಶೆಡ್ಡಿಗೆ ಆಪತ್ತು ಬಂದಾಗ ಯಾರು ಓಡಿ ಬಂದರು ಎಂಬುದನ್ನೂ ಬರೆದಾಗಲೇ ಈ ನಂಟಿನ ಪೂರ್ತಿ ಚರಿತ್ರೆ ನಮ್ಮ ಕೈಗೆ ಸಿಕ್ಕೀತು.